ಎರಡು ಜೀಪಿಗೆ ಹಂಚಿದ ಮರ

ಸಂಸೆ ಊರಿನ ಹುಡುಗಿ ಪಂಚಮಿಗೆ ತಲೆ ಇತ್ತು, ಬಾಯಿ ಮಾತ್ರ ಇರಲಿಲ್ಲ. ಹೋದ ವರ್ಷ ಚಿಕ್ಕಮಗಳೂರಿನ ಕಾಲೇಜಿನ ಕಂಪ್ಯೂಟರ್ ಪ್ರಾಕ್ಟಿಕಲ್ಲಿನಲ್ಲಿ ಪರೀಕ್ಷಕ ಸಿದ್ದಬಸಪ್ಪನವರು ಏನು ಕೇಳಿದರೂ ಕಂಬದ ಹಾಗೆ ನಿಂತುಬಿಟ್ಟಳು. "ನಾಲಿಗೆ ಊರಲ್ಲೇ ಬಿಟ್ಟು ಬಂದ್ಯೇನಮ್ಮ?" ಎಂದು ನಕ್ಕು, ಫೇಲು ಮಾಡಿ ಹೋಗಿದ್ದರು. ಈ ಸಲವೂ ಫೇಲಾದರೆ ಓದಿಗೆ ಎಳ್ಳುನೀರು ಎಂದು ಅಪ್ಪ ಖಡಾಖಂಡಿತ ಹೇಳಿದ್ದರು. ಗ್ರಹಚಾರ ನೋಡಿ, 2003ರ ಆ ಬೆಳಿಗ್ಗೆ ಪರೀಕ್ಷೆಗೆ ಬಂದವರೂ ಅದೇ ಸಿದ್ದಬಸಪ್ಪನವರು!

ಒಂದು ಬೈನರಿ ಸರ್ಚ್ ಟ್ರೀಯನ್ನು, ಅಂದರೆ ಪ್ರತಿ ನಂಬರಿನ ಎಡಕ್ಕೆ ಅದಕ್ಕಿಂತ ಚಿಕ್ಕವು, ಬಲಕ್ಕೆ ದೊಡ್ಡವು ಕವಲೊಡೆಯುವ ನಂಬರುಗಳ ಮರವನ್ನು, ಸೀಳಿ ಎರಡು ಮರ ಮಾಡಬೇಕು. ನಲವತ್ತೆರಡರವರೆಗಿನ ನಂಬರುಗಳು ಒಂದರಲ್ಲಿ, ಅದಕ್ಕಿಂತ ದೊಡ್ಡವು ಇನ್ನೊಂದರಲ್ಲಿ. ಇದು ಅವಳಿಗೆ ಬಂದ ಪ್ರಶ್ನೆ. ಕೀಬೋರ್ಡ್ ಮುಟ್ಟಿದಳೋ ಇಲ್ಲವೋ, ಕರೆಂಟು ಹೋಯಿತು.

"ಬಾಯಲ್ಲೇ ಹೇಳಮ್ಮ," ಎಂದರು ಸಿದ್ದಬಸಪ್ಪನವರು.

ಪಂಚಮಿಯ ಪಕ್ಕ ಕೂತಿದ್ದ ಸಹಪಾಠಿ ಪ್ರಸಾದ ಮೆಲ್ಲಗೆ, "ಎಲ್ಲಾ ಕಿತ್ತು ಒಂದೊಂದೇ ಹೊಸದಾಗಿ ನೆಡೋದಪ್ಪ, ಅದ್ರಲ್ಲೇನು!" ಎಂದ. ಅವಳಿಗೆ ಉರಿದುಹೋಯಿತು. ಫಸಲಿಗೆ ಬಂದ ಕಾಫಿ ಗಿಡವನ್ನು ಯಾರಾದರೂ ಕಿತ್ತು ನೆಡುತ್ತಾರೆಯೇ?

"ಕೀಳೋದ್ಯಾಕೆ ಮಾರಾಯ? ಎದ್ದು ನಿಂತ್ಕೊಳ್ಳಿ ಎಲ್ರೂ!"

ಅಷ್ಟು ದೊಡ್ಡ ದನಿ ತನ್ನದೇ ಎಂದು ಅವಳಿಗೇ ನಂಬಿಕೆ ಬರಲಿಲ್ಲ. ಸಿದ್ದಬಸಪ್ಪನವರು ಬೇಡವೆನ್ನಲಿಲ್ಲ. ಒಬ್ಬೊಬ್ಬರಿಗೂ ಒಂದೊಂದು ನಂಬರಿನ ಚೀಟಿ ಕೊಟ್ಟು, ಐವತ್ತನ್ನು ಎಲ್ಲರ ಹಿಂದೆ ನಿಲ್ಲಿಸಿದಳು. ಪ್ರತಿಯೊಬ್ಬರ ಎಡಗೈ ಮುಂದಿನ ಚಿಕ್ಕ ನಂಬರಿನ ಹೆಗಲ ಮೇಲೆ, ಬಲಗೈ ದೊಡ್ಡದರ ಹೆಗಲ ಮೇಲೆ. ಐವತ್ತರ ಎಡಗೈಗೆ ಮೂವತ್ತು, ಮೂವತ್ತರ ಬಲಗೈಗೆ ನಲವತ್ತು, ನಲವತ್ತರ ಬಲಗೈಗೆ ನಲವತ್ತೈದರ ಚೀಟಿ ಹಿಡಿದ ಪ್ರಸಾದ.

"ನಮ್ಮೂರ ದಿಬ್ಬಣ ಎರಡು ಜೀಪಲ್ಲಿ ಹೋಗುತ್ತೆ ಸಾರ್. ನಮ್ಮಮ್ಮ ಒಬ್ಬೊಬ್ರನ್ನೇ ಕರೆಯಲ್ಲ. ಹಿರಿಯರನ್ನ ಹತ್ತಿಸಿದ್ರೆ ಅವರ ಮನೆಯೋರು ತಾವಾಗೇ ಹತ್ತುತ್ತಾರೆ."

ನಲವತ್ತೆರಡಕ್ಕಿಂತ ದೊಡ್ಡದಾದ ಐವತ್ತನ್ನು ಬಾಗಿಲ ಕಡೆ ಕಳಿಸಿದಳು. ಅದು ಮೂವತ್ತರ ಹೆಗಲು ಬಿಟ್ಟಿತು; ಬಲಗೈಯ ಗುಂಪು ಇಡಿಯಾಗಿ ಜೊತೆಗೆ ನಡೆಯಿತು. ನಲವತ್ತೆರಡರೊಳಗಿನ ಮೂವತ್ತು ತನ್ನ ಎಡಗೈಯವರ ಸಮೇತ ಕಿಟಕಿ ಕಡೆ ಹೊರಟಿತು, ನಲವತ್ತೂ ಅದರ ಜೊತೆಗೇ. ನಲವತ್ತೆರಡು ದಾಟಿದವನೆಂದು ನಲವತ್ತು ಕೈಬಿಟ್ಟ ಪ್ರಸಾದ ಮಾತ್ರ ನಡುಮನೆಯ ಗೂಟದ ಹಾಗೆ ಒಬ್ಬನೇ ಉಳಿದ.

"ಇವನೆಲ್ಲಿಗೆ?" ಸಿದ್ದಬಸಪ್ಪನವರು ಹುಬ್ಬೇರಿಸಿದರು.

ಎಲ್ಲರೂ ಮುಗ್ಗರಿಸುವುದು ಇಲ್ಲೇ. ಪಂಚಮಿಯೂ ತಬ್ಬಿಬ್ಬಾದಳು. ಅಷ್ಟರಲ್ಲಿ ಅಮ್ಮ ನೆನಪಾದಳು. ಜೀಪು ಹೊರಡುವ ಹೊತ್ತಿಗೆ ಯಾವುದಾದರೂ ಮಗು ಉಳಿದೇ ಉಳಿಯುತ್ತದೆ, ಅದನ್ನೆತ್ತಿಕೊಂಡು ಅಮ್ಮ, "ಯಾರ ಮಡಿಲು ಖಾಲಿ ಇದೆ?" ಎಂದು ಕೂಗುತ್ತಾಳೆ. ಪಂಚಮಿ ಬಾಗಿಲ ಕಡೆ ನೋಡಿದಳು. ಮೂವತ್ತನ್ನು ಬಿಟ್ಟ ಐವತ್ತರ ಎಡಗೈ ಖಾಲಿ ತೂಗುತ್ತಿತ್ತು. ಪ್ರಸಾದನ ರಟ್ಟೆ ಹಿಡಿದು ಎಳೆದೊಯ್ದು ಆ ಕೈಯ ಕೆಳಗೆ ನಿಲ್ಲಿಸಿದಳು.

"ಐವತ್ತಕ್ಕಿಂತ ಚಿಕ್ಕವನು, ಎಡಗೈಗೇ ಸರಿ. ಎರಡು ಮರ ಆಯ್ತು ಸಾರ್. ದಾರೀಲಿ ಸಿಕ್ಕವರನ್ನ ಮಾತ್ರ ಮುಟ್ಟಿದ್ದು, ಉಳಿದ ಯಾವ ಸಂಸಾರಾನೂ ಒಡೀಲಿಲ್ಲ."

ಸಿದ್ದಬಸಪ್ಪನವರು ಎರಡೂ ಗುಂಪನ್ನು ಒಂದು ಸುತ್ತು ಹಾಕಿ ಬಂದರು. ತಪ್ಪು ಹುಡುಕಿದರು, ಸಿಗಲಿಲ್ಲ.

"ಭಲೆ! ಹೋದ ವರ್ಷ ಈ ನಾಲಿಗೆ ಎಲ್ಲಿತ್ತಮ್ಮ?"

ಪಂಚಮಿಯ ಎದೆ ಹೆಮ್ಮೆಯಿಂದ ಉಬ್ಬಿತ್ತು. ಈ ಸಲ ಅವಳು ತಲೆ ತಗ್ಗಿಸಲಿಲ್ಲ.

"ನೀವೇ ಹೇಳಿದ್ರಲ್ಲ ಸಾರ್, ಊರಲ್ಲೇ ಬಿಟ್ಟಿದ್ದೆ. ಈ ಸಲ ಮರೀದೆ ತಂದಿದೀನಿ."