ಸೂಜಿಯ ಗುರುತು

ಅವಳ ಗಂಡನ ಅಣ್ಣ ಎತ್ತಿ ಎಸೆದ ಕುರ್ಚಿ ಬಾಗಿಲಿಗೆ ಬಡಿದು ಎರಡು ಕಾಲು ಮುರಿದುಕೊಂಡಿತು. ಹೊರಗೆ ಶವದ ಗಾಡಿಯ ಡ್ರೈವರ್ ಹೆದರಿ ಕಿಟಕಿಯ ಗಾಜು ಏರಿಸಿಕೊಂಡ.

"ಹೆಣ ಎತ್ತಿದ್ರೆ ಕೈ ಕತ್ತರಿಸ್ತೀನಿ! ಪೊಲೀಸ್ ಬರ್ಲಿ, ಕೊಯ್ದು ನೋಡ್ಲಿ. ನನ್ನ ತಮ್ಮನಿಗೆ ಇವಳು ವಿಷ ಹಾಕಿದ್ದಾಳೆ!"

ಗಂಡನ ತಲೆಯ ಬಳಿ ಕೂತಿದ್ದ ಅವಳು ಎದ್ದು ಅಡ್ಡ ನಿಂತಳು. ಎರಡು ವರ್ಷದ ಹಿಂದೆ ಆಸ್ಪತ್ರೆಯಲ್ಲಿ ಆ ಕೊರಳನ್ನು ಒಮ್ಮೆ ಕೊಯ್ದಾಗಿತ್ತು. ಇನ್ನೊಮ್ಮೆ ಚಾಕು ಮುಟ್ಟಗೊಡುವುದಿಲ್ಲ ಎಂಬುದೊಂದೇ ಈಗ ಅವಳ ಹಟ.

"ಹೃದಯ ನಿಂತು ಹೋಗಿದ್ದು ಭಾವ. ಡಾಕ್ಟ್ರು ಬರೆದು ಕೊಟ್ಟಿದ್ದಾರಲ್ಲ."

"ವಿಷ ಹಾಕಿಸ್ದೆ ಅಂತ ನೀನೇ ಫೋನಲ್ಲಿ ಹೇಳ್ಲಿಲ್ವಾ? ನಗ್ತಾ ಹೇಳ್ಲಿಲ್ವಾ?"

ಹೇಳಿದ್ದಳು. ನಗುತ್ತಲೇ ಹೇಳಿದ್ದಳು.

*

ಬಸ್ಸಿಗೆ ತಗಡು ಬಡಿಯುವ ಶೆಡ್ಡಿನಲ್ಲಿ ಅವಳ ಗಂಡನಿಗೆ ಸೈರನ್ ಅಂತಲೇ ಹೆಸರು. ಅಷ್ಟು ಸುತ್ತಿಗೆಗಳ ನಡುವೆಯೂ ಅವನ ಕೂಗು ಬೀದಿಯ ತುದಿಗೆ ಕೇಳುತ್ತಿತ್ತು. ಕ್ಯಾನ್ಸರಿಗೆ ಧ್ವನಿಪೆಟ್ಟಿಗೆ ತೆಗೆದ ಮೇಲೆ ಕೊರಳಲ್ಲೊಂದು ತೂತು ಉಳಿಯಿತು, ಉಸಿರೆಲ್ಲ ಅದರಲ್ಲೇ. ಮಾತು ಹೋದದ್ದನ್ನು ಹೇಗೋ ಸಹಿಸಿದ. ಅನ್ನ ಇಳಿಯದ್ದನ್ನು ಸಹಿಸಲಿಲ್ಲ. ನುಂಗುವಾಗ ಗಂಟಲಿನ ಸ್ನಾಯು ಮುಷ್ಟಿಯಂತೆ ಬಿಗಿಯುತ್ತಿತ್ತು. ತುತ್ತು ಅಲ್ಲೇ ನಿಲ್ಲುತ್ತಿತ್ತು, ತಟ್ಟೆ ಗೋಡೆಗೆ ಹಾರುತ್ತಿತ್ತು. ಒಂದು ಸಂಜೆ ಅವನೆಸೆದ ಲೋಟ ಅವಳ ಹುಬ್ಬು ಸೀಳಿತು. ಕೂಗಲಾರದ ಸಿಟ್ಟೆಲ್ಲ ಕೈಗೆ ಇಳಿದಿತ್ತು.

"ಇದೂ ಒಂದು ವಿಷಾನೇ ಅಮ್ಮ," ಎಂದಿದ್ದರು ಡಾಕ್ಟರಮ್ಮ, ಇಂಜೆಕ್ಷನ್ನಿನ ಪುಟ್ಟ ಸೀಸೆ ತೋರಿಸಿ. "ಆದ್ರೆ ಚಿಟಿಕೆಗಿಂತ ಎಷ್ಟೋ ಕಮ್ಮಿ. ಬಿಗಿದ ಸ್ನಾಯುವಿಗೆ ಚುಚ್ಚಿದ್ರೆ ಸಡಿಲ ಆಗುತ್ತೆ. ಮೂರ್ನಾಲ್ಕು ತಿಂಗಳು ಇರುತ್ತೆ, ಆಮೇಲೆ ಮತ್ತೆ ಬನ್ನಿ."

ವಾರ ಕಳೆದು ಅವನು ಇಡೀ ಒಂದು ಬೇಯಿಸಿದ ಮೊಟ್ಟೆ ತಿಂದ. ತಿಂದು, ತಟ್ಟೆಯನ್ನು ತಾನೇ ತೊಳೆದಿಟ್ಟ. ಆ ಸಂಭ್ರಮಕ್ಕೆ ಅವಳು ಭಾವನಿಗೆ ಫೋನ್ ಮಾಡಿದ್ದಳು: "ನಿಮ್ಮ ತಮ್ಮನಿಗೆ ವಿಷ ಹಾಕಿಸ್ದೆ ಭಾವ, ಈಗ ಮನುಷ್ಯರ ಥರ ಉಣ್ತಿದ್ದಾರೆ! ಬಂದು ನೋಡಿ." ಲಾರಿ ಓಡಿಸುತ್ತಿದ್ದ ಭಾವ "ಆಯ್ತಾಯ್ತು" ಎಂದು ಫೋನ್ ಇಟ್ಟಿದ್ದ. ಬರಲಿಲ್ಲ. ಆಪರೇಷನ್ ಆದಮೇಲೆ ಒಮ್ಮೆಯೂ ಬಂದಿರಲಿಲ್ಲ.

*

"ಚೇಷ್ಟೆಗೆ ಅಂದಿದ್ದು ಭಾವ. ಅದು ಔಷಧಿ."

ಕೆನ್ನೆಗೆ ಬಿದ್ದ ಏಟಿಗೆ ಅವಳು ಮಂಚದ ಕಾಲಿನ ಹತ್ತಿರ ಉರುಳಿದಳು. ಬಾಯಲ್ಲಿ ರಕ್ತದ ರುಚಿ. ಶೆಡ್ಡಿನ ಪೇಂಟರ್ ಭಾವನ ಕಾಲರ್ ಹಿಡಿದ.

"ಹೆಣದ ಮುಂದೆ ಹೆಂಗಸಿನ ಮೇಲೆ ಕೈ ಮಾಡ್ತೀಯಲ್ಲಯ್ಯಾ! ಮೊನ್ನೆ ಶೆಡ್ಡಲ್ಲಿ ನಿನ್ನ ತಮ್ಮ ತನ್ನ ಊಟದ ಡಬ್ಬಿ ಮುಗಿಸಿ ನನ್ನ ಡಬ್ಬೀನೂ ಖಾಲಿ ಮಾಡ್ದ. ವಿಷ ತಿಂದೋನು ಹಂಗೆ ಉಣ್ತಾನಾ?"

ಭಾವ ಹಣೆಯಿಂದಲೇ ಅವನ ಮೂಗಿಗೆ ಗುದ್ದಿದ. ಪೇಂಟರ್ ಮುಖ ಮುಚ್ಚಿಕೊಂಡು ಕುಸಿದ.

"ಚುಚ್ಚಿದ ಗುರುತು ಇದ್ದೇ ಇರುತ್ತೆ. ತೋರಿಸ್ತೀನಿ ಎಲ್ಲರಿಗೂ!"

ಅವಳು ಅವನ ಕಾಲು ಹಿಡಿದೆಳೆದಳು. ಕೊಡವಿಕೊಂಡು ಹೋದ ಭಾವ ತಮ್ಮನ ಕೊರಳಿನ ಬಟ್ಟೆಯನ್ನು ಹರಿದು ಎಳೆದ.

ಸೂಜಿಯ ಗುರುತು ಎಲ್ಲೂ ಇರಲಿಲ್ಲ. ಕೊರಳ ಬುಡದಲ್ಲಿ, ಹೆಬ್ಬೆರಳು ಹೋಗುವಷ್ಟು ಅಗಲಕ್ಕೆ, ಅಂಚು ಒಣಗಿದ ಒಂದು ತೂತು.

ಭಾವನ ಕೈ ಅಲ್ಲೇ ನಿಂತಿತು. "ಇದು... ಇದ್ರಲ್ಲೇ ಉಸಿರಾಡ್ತಿದ್ನಾ?"

"ಹೂಂ ಭಾವ," ಎಂದಳು ಅವಳು ನೆಲದಿಂದಲೇ.

ಒಂದು ನೊಣ ಬಂದು ತೂತಿನ ಅಂಚಿಗೆ ಕೂತಿತು. ಭಾವ ಓಡಿಸಿದ. ಮತ್ತೆ ಬಂತು. ನಾಲ್ವರು ಬಂದು ಎತ್ತುವವರೆಗೂ ಅವನು ಬಾಗಿ ನಿಂತು, ಅಂಗೈಯನ್ನು ಗೂಡಿನಂತೆ ಬಾಗಿಸಿ ಆ ತೂತಿನ ಮೇಲೆ ಹಿಡಿದೇ ಇದ್ದ. ಎಲ್ಲೂ ಒತ್ತದೆ, ಗಾಳಿಗೆ ದಾರಿ ಬಿಟ್ಟು.