ಗೌರಕ್ಕನ ಪಾಳಿ

ಆ ದಿನ ಪಾಳಿ ಗೌರಕ್ಕನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಅಮ್ಮಿನಬಾವಿಯ ದೊಡ್ಡವರೆಲ್ಲ ಕೂಡಿ ಈ ಒಂದು ಮಾತನ್ನು ನುಂಗಿ ನೀರು ಕುಡಿದರು.

ಮುಯ್ಯಾಳು ಅಂದರೆ ನಮ್ಮ ಕಡೆ ಇಷ್ಟೇ. ಇವತ್ತು ನಮ್ಮ ಎತ್ತು, ಚಕ್ಕಡಿ, ಆಳು ನಿಮ್ಮ ಕಣಕ್ಕೆ. ನಾಳೆ ನಿಮ್ಮವು ನಮ್ಮ ಕಣಕ್ಕೆ. ಕೂಲಿಯ ಮಾತಿಲ್ಲ. ಕರೆದವರು ಮಧ್ಯಾಹ್ನ ಊಟ ಹಾಕಬೇಕು, ಉಂಡವರು ಕರೆದಾಗ ಬರಬೇಕು. ಬರದವನ ಹೊಲಕ್ಕೆ ಮುಂದೆ ನರಪಿಳ್ಳೆಯೂ ಕಾಲಿಡುವುದಿಲ್ಲ. ಹಳ್ಳದ ದಂಡೆಗೆ ಒಂದಕ್ಕೊಂದು ಹತ್ತಿದ್ದ ಗೌರಕ್ಕನ ಹೊಲಕ್ಕೂ ಮಹಾಂತಯ್ಯನ ಹೊಲಕ್ಕೂ ಅವರ ಹಿರಿಯರ ಕಾಲದಿಂದ ಈ ಮುಯ್ಯಾಳು ನಡೆದುಬಂದಿತ್ತು.

ನಯಾ ಪೈಸೆ ಬಂದು ಕೆಲವೇ ವರ್ಷ, ಸಂತೆಯಲ್ಲಿ ಜನ ಇನ್ನೂ ಆಣೆಯ ಲೆಕ್ಕದಲ್ಲೇ ಜಗಳಾಡುತ್ತಿದ್ದ ಕಾಲ ಅದು. ಗೌರಕ್ಕನ ಗಂಡ ರಾಚಯ್ಯ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದ. ಮಣ್ಣು ಕೊಟ್ಟು ಬಂದ ಕಾಲಿನ ಧೂಳು ತೊಳೆಯುವ ಮೊದಲೇ ಮೈದುನ ಶಾಂತಯ್ಯ, "ವೈನಿ, ಹೆಣ್ಣಮಕ್ಕಳ ಕೈಲೆ ಒಕ್ಕಲತನ ಆಗೂದಲ್ಲ. ಹೊಲ ನಾ ನೋಡಕೋತೇನಿ, ನೀವು ನಮ್ಮನ್ಯಾಗ ಬಂದಿರ್ರಿ," ಎಂದಿದ್ದ. ಬಂದಿರುವುದು ಅಂದರೆ ಏನು? ಅವನ ಹೆಂಡತಿಯ ಕೈಕೆಳಗೆ ರೊಟ್ಟಿ ಬಡಿಯುತ್ತ ಮುದುಕಿಯಾಗುವುದು. ಗೌರಕ್ಕ ಒಲ್ಲೆ ಎಂದಳು. ಚಾವಡಿಯಲ್ಲಿ ಹಿರಿಯರು ಕೂತು ಒಂದು ತೀರ್ಮಾನ ಮಾಡಿದರು: ಒಂದು ಬೆಳೆ ಅವಳೇ ಮಾಡಲಿ. ಅದು ನೆಟ್ಟಗೆ ಮನೆ ಸೇರಿದರೆ ಹೊಲ ಅವಳ ಕೈಯಲ್ಲೇ ಇರಲಿ, ಇಲ್ಲವಾದರೆ ಶಾಂತಯ್ಯ ನೋಡಿಕೊಳ್ಳಲಿ.

ಅಷ್ಟಾದರೂ ಆಗಲು ಕಾರಣ ಮಹಾಂತಯ್ಯ. ಗಂಡನ ಜೀವದ ಗೆಳೆಯ. ಗೌರಕ್ಕನ ತವರಿನಲ್ಲಿ ಯಾರೂ ಉಳಿದಿರಲಿಲ್ಲವೆಂದು ವರ್ಷವರ್ಷವೂ ಪಂಚಮಿಗೆ ಅವಳನ್ನು ತನ್ನ ಮನೆಗೆ ಕರೆದು, ಉಂಡಿ ಕಟ್ಟಿಸಿ, ಸೀರೆ ಉಡಿಸಿ ಕಳಿಸುತ್ತಿದ್ದವನು. ಅಂದು ಚಾವಡಿಯಲ್ಲಿ ಎದ್ದು ನಿಂತು, "ನನ್ನ ತಂಗಿ ಮಾಡತಾಳ. ಆಕಿ ಹಿಂದ ನಾ ಅದೇನಿ," ಎಂದು ಎದೆ ತಟ್ಟಿ ಹೇಳಿದವನೂ ಅವನೇ. ಆ ರಾತ್ರಿ ಗೌರಕ್ಕ ಸತ್ತ ಗಂಡನಿಗಾಗಿ ಅಳುವುದನ್ನು ಬಿಟ್ಟು ಇದ್ದ ಅಣ್ಣನಿಗಾಗಿ ಅತ್ತಿದ್ದಳು.

ಮುಂಗಾರು ಕೈ ಹಿಡಿಯಿತು. ಶೇಂಗಾ ಹಾಕಿದ್ದಳು, ಕಾಯಿ ಜೊಂಪೆಜೊಂಪೆಯಾಗಿ ಹಿಡಿದಿದ್ದವು. ದಸರೆ ಮುಗಿಯುವ ಹೊತ್ತಿಗೆ ಊರವರದೆಲ್ಲ ಮನೆ ಸೇರಿತ್ತು. ಹಸಿ ನೆಲವಾದ್ದರಿಂದ ಹಳ್ಳದ ದಂಡೆಯ ಈ ಎರಡು ಹೊಲಗಳದ್ದೇ ತಡ. ಬಿಡಿಸಿದ ಕಾಯಿ ಎರಡೂ ಕಣಗಳಲ್ಲಿ ರಾಶಿ ಬಿದ್ದಿದ್ದವು. ಮೊದಲು ಗೌರಕ್ಕನದು ಹೇರುವುದು, ಮರುದಿನ ಮಹಾಂತಯ್ಯನದು. ಹಾಗಂತ ಮಾತಾಗಿತ್ತು.

ಗೌರಕ್ಕ ನಸುಕಿನಲ್ಲೇ ಕಣಕ್ಕೆ ಬಂದು ಚೀಲ ತುಂಬಲು ಕೂತಿದ್ದಳು. ಅವಳ ಆಳು ಹುಲಗಪ್ಪ ಎತ್ತುಗಳಿಗೆ ನೀರು ಕುಡಿಸುತ್ತಿದ್ದ. ಹೊತ್ತು ಮಾರುದ್ದ ಏರಿದ ಮೇಲೆ ಮಹಾಂತಯ್ಯ ಊರ ಕಡೆಯಿಂದ ದಡಬಡ ನಡೆದುಬಂದ. ಅವನ ಉಡದಾರದಲ್ಲಿ ಚಾವಡಿಯ ರೇಡಿಯೋ ಪೆಟ್ಟಿಗೆಯ ಕೀಲಿಕೈ ತೂಗುತ್ತಿತ್ತು. ಸರಕಾರದ ರೇಡಿಯೋ ಊರಿಗೆ ಬಂದಾಗಿನಿಂದ ಅದನ್ನು ಹಚ್ಚುವುದು, ಆರಿಸುವುದು ಅವನದೇ ದೊಡ್ಡಸ್ತಿಕೆ.

"ಏನ್ರಿ ಅಣ್ಣಾ, ಇಷ್ಟ ಲಗೂ? ರೇಡಿಯೋದಾಂವ ಏನಂದ?" ಎಂದಳು ಗೌರಕ್ಕ.

"ಅಂವೇನ ಅಂತಾನ, ಅದ ಹಾಡು, ಅದ ಪ್ಯಾಟಿ ಧಾರಣಿ," ಎಂದು ಮಹಾಂತಯ್ಯ ಹಳ್ಳದ ಕಡೆ ನೋಡಿದ. "ತಂಗೀ, ಒಂದ ಮಾತು. ನಾಳೆ ನವಲಗುಂದದ ಬೀಗರು ನನ್ನ ಮಗಳನ್ನ ನೋಡಾಕ ಬರಾಕತ್ತಾರ. ಪಡಸಾಲಿ ಬರಿದ ಕಂಡ್ರ ಏನಂದಾರು? ಇವತ್ತ ನಂದು ಹೇರಿಬಿಡೂನು. ನಾಳೆ ಬೆಳಕ ಹರಿಯೂದ್ರಾಗ ನಿಂದು."

ಗೌರಕ್ಕನಿಗೆ ನಗು ಬಂತು. ಹೆಣ್ಣು ನೋಡಲು ಬಂದವರು ಹುಡುಗಿಗಿಂತ ಮೊದಲು ಗೋಡೆಗೆ ಒಟ್ಟಿದ ಚೀಲ ನೋಡುವುದು ಅವಳಿಗೆ ಗೊತ್ತಿಲ್ಲದ್ದೇ? ಆ ಹುಡುಗಿಯನ್ನು ಆಡಿಸಿ ಬೆಳೆಸಿದವಳು ಅವಳು. ಸೆರಗು ಝಾಡಿಸಿಕೊಂಡು ಎದ್ದು, ಹುಲಗಪ್ಪನಿಗೂ ಕೇಳುವಂತೆ ಗಟ್ಟಿಯಾಗಿ, "ಆಗವಲ್ದ್ಯಾಕ, ಮೊದಲ ನಿಮ್ಮದ ಆಗ್ಲಿರಿ ಅಣ್ಣಾ! ಏ ಹುಲಗಪ್ಪಾ, ಚಕ್ಕಡಿ ಅತ್ತಾಗ ತಿರುಗಸು," ಎಂದಳು.

ಆ ದಿನದಂಥ ದುಡಿತ ಎಂದೂ ಕಂಡಿರಲಿಲ್ಲ. ಗಾಳಿಯೇ ಇಲ್ಲದ ಕೆಟ್ಟ ಸೆಕೆ; ಎತ್ತುಗಳ ಬಾಯಲ್ಲಿ ನೊರೆ. ಮಹಾಂತಯ್ಯ ಊಟಕ್ಕೂ ಕೂಡಗೊಡಲಿಲ್ಲ, ರೊಟ್ಟಿ ಕೈಯಲ್ಲಿ ಹಿಡಿದೇ ತಿನ್ನಿರೆಂದ. ಚೀಲ ಹೇರಿದ್ದು ಸಾಲದೆಂದು ಹೊಟ್ಟನ್ನೂ ಮನೆಗೆ ಸಾಗಿಸಿದ. ಬಣವಿಗೆ ಹಗ್ಗ ಬಿಗಿದು ಕಲ್ಲು ಇಳಿಬಿಡುತ್ತಿದ್ದವನನ್ನು ನೋಡಿ ಗೌರಕ್ಕ, "ಬೀಗರೇನು ಬಣವಿ ಹೊತ್ತಕೊಂಡ ಹೋಗತಾರೇನ್ರಿ ಅಣ್ಣಾ?" ಎಂದು ಚೇಷ್ಟೆ ಮಾಡಿದಳು. ಆಳುಗಳೆಲ್ಲ ನಕ್ಕರು. ಅವನು ಮಾತ್ರ ತಲೆ ಎತ್ತಲಿಲ್ಲ. ಆಳು ಸಾಲದಾದಾಗ ಅವಳು ತಾನೇ ಸಿಂಬಿ ಸುತ್ತಿಕೊಂಡು ಅವನ ಬುಟ್ಟಿ ಹೊತ್ತಳು. ಅಯ್ಯೋ ಹುಚ್ಚಿ, ಅನ್ನಬೇಕು!

ಕೊನೆಯ ಚಕ್ಕಡಿ ಮಹಾಂತಯ್ಯನ ಅಂಗಳ ಸೇರುವುದಕ್ಕೂ ಪಡುವಣ ದಿಕ್ಕು ಕರ್ರಗಾಗುವುದಕ್ಕೂ ಸರಿಹೋಯಿತು. ಮೊದಲ ಗಾಳಿಗೇ ಗೌರಕ್ಕ ಹುಲಗಪ್ಪನನ್ನು ಕರೆದುಕೊಂಡು ಕಣಕ್ಕೆ ಓಡಿದಳು. ಇಬ್ಬರೂ ರಾಶಿಯ ಮೇಲೆ ತಾಡಪತ್ರಿ ಎಳೆದರು. ಗಾಳಿ ಅದನ್ನು ಕಿತ್ತು ಹಳ್ಳದಾಚೆಯ ಜಾಲಿಗೆ ಸಿಕ್ಕಿಸಿತು. ಮಳೆ ಅಡ್ಡಡ್ಡ ಹೊಡೆಯಿತು. ಹಳ್ಳ ದಂಡೆ ಮೀರಿ ಕಣಕ್ಕೆ ನುಗ್ಗಿತು. ಬೊಗಸೆಬೊಗಸೆ ಬಾಚಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದ ಅವಳನ್ನು ಹುಲಗಪ್ಪ ರಟ್ಟೆ ಹಿಡಿದು ಎಳೆದು ತರದಿದ್ದರೆ ಅವಳೂ ಹೋಗುತ್ತಿದ್ದಳು. ಮುಂದೆ ನಾಲ್ಕು ದಿನ ಬಿಡದೆ ಸುರಿಯಿತು. ಹೊಳವಾದಾಗ ಕಣದಲ್ಲಿ ಉಳಿದದ್ದು ಕೆಸರಿನಲ್ಲಿ ಹುದುಗಿದ ಅಷ್ಟಿಷ್ಟು ಕಾಯಿ, ಅವೂ ಮೊಳಕೆಯೊಡೆದು, ಕಪ್ಪಾಗಿ.

ದೇವರು ಮಾಡಿದ್ದಕ್ಕೆ ಯಾರನ್ನು ಬೈಯುವುದು ಎಂದು ಅವಳು ಗೋಡೆಗೊರಗಿ ಕೂತಿದ್ದಾಗ ಮಹಾಂತಯ್ಯನ ಹೆಂಡತಿ ಶಿವಲಿಂಗವ್ವ ಬಂದಳು. ಬಂದವಳೇ ಗೌರಕ್ಕನ ಎರಡೂ ಕೈ ಹಿಡಿದು ಅಳತೊಡಗಿದಳು.

"ನಿನ್ನ ಋಣಾ ಹೆಂಗ ತೀರಿಸೂದ ಗೌರಕ್ಕಾ? ತೂಫಾನ ಬರತೈತಿ ಅಂತ ಗೊತ್ತಿದ್ದೂ ಮೊದಲ ನಿಮ್ಮದ ಆಗ್ಲಿ ಅಂದ್ಯಲ್ಲ. ಒಡಹುಟ್ಟಿದವರೂ ಹಂಗ ಅನ್ನೂದಿಲ್ಲ."

"ಯಾರಿಗ ಗೊತ್ತಿತ್ತು?"

"ಅಲ್ಲ, ಮುಂಜಾನಿ ರೇಡಿಯೋದಾಗ ಹೇಳಿದ್ರಲ್ಲ. ಅರಬ್ಬೀ ಸಮುದ್ರದಾಗ ತೂಫಾನ ಎದ್ದೈತಿ, ಸಂಜೀಕ ಧಾರವಾಡದ ಕಡೆ ಬಿರುಗಾಳಿ, ಭಾರೀ ಮಳಿ ಅಂತ. ಗಿರಿಯಪ್ಪಜ್ಜ, ಎಲ್ಲಾ ಹಿರೇರು ಚಾವಡ್ಯಾಗ ಕೇಳ್ಯಾರ. ಗೌರಕ್ಕಂದು ಕಣದಾಗ ಬಿದ್ದೈತಿ, ಲಗೂ ಹೇಳು ಹೋಗು ಅಂತ ಅವರ ನಮ್ಮ ಯಜಮಾನರನ್ನ ಕಳಿಸಿದ್ರು."

ಗೌರಕ್ಕ ಮೆಲ್ಲಗೆ, "ನವಲಗುಂದದ ಬೀಗರು ಮಳಿಗೆ ಬರಲಿಲ್ಲೇನ?" ಎಂದು ಕೇಳಿದಳು.

"ಯಾವ ಬೀಗರ?" ಎಂದಳು ಶಿವಲಿಂಗವ್ವ. ಎಂದವಳು ಗೌರಕ್ಕನ ಮುಖ ನೋಡಿ ಹಿಡಿದ ಕೈ ಬಿಟ್ಟಳು. ಬಂದಷ್ಟೇ ಬೇಗ ಎದ್ದು ಹೋದಳು.

ಗೌರಕ್ಕನಿಗೆ ಶೇಂಗಾ ಹೋದ ಸಂಕಟ ಈ ಮೋಸದ ಮುಂದೆ ಏನೂ ಅಲ್ಲ. ತಾನು ನಗುನಗುತ್ತ ಅವನ ಬುಟ್ಟಿ ಹೊತ್ತದ್ದು, ಚೇಷ್ಟೆ ಮಾಡಿದ್ದು, ಅವನು ತಲೆ ಎತ್ತದೆ ಹಗ್ಗ ಬಿಗಿದದ್ದು, ಇದೇ ಮತ್ತೆ ಮತ್ತೆ ಕಣ್ಣ ಮುಂದೆ ಬಂದು ಅವಳನ್ನು ಸುಟ್ಟಿತು. ವೈರಿ ಶಾಂತಯ್ಯ ವೈರಿಯಂತೆಯೇ ಇದ್ದ, ಅವನ ಮೇಲೆ ಸಿಟ್ಟಿಲ್ಲ. ಅಣ್ಣ ಅಂದವನು ಹೀಗೆ ಕುತ್ತಿಗೆ ಕೊಯ್ಯಬಹುದೇ?

ಚಾವಡಿಯಲ್ಲಿ ಹಿರಿಯರು ಮತ್ತೆ ಕೂತರು. ಶಾಂತಯ್ಯ ಕರೆಸಿದ್ದ. "ಬೆಳಿ ಮನಿ ಸೇರಲಿಲ್ಲ. ಮಾತ ಮಾತು," ಎಂದ. ಗಿರಿಯಪ್ಪಜ್ಜ ಎಲೆಯಡಿಕೆ ಅಗಿಯುತ್ತ, "ಮಳಿ ಯಾರ ಕೈಯಾಗಿಲ್ಲ ಖರೆ. ಆದ್ರ ಹೇಳಿ ಕಳಿಸಿದ್ದಿವಲ್ಲ ಗೌರಕ್ಕಾ?" ಎಂದ.

"ನನಗ ಯಾರೂ ಹೇಳಿಲ್ರಿ ಅಜ್ಜಾ. ಕೇಳಿದ್ರ, ರೇಡಿಯೋದಾಗ ಏನಿಲ್ಲ ಅಂದ್ರು. ಪಾಳಿ ನಂದಿತ್ತು, ಬೀಗರ ಬರತಾರಂತ ಹೇಳಿ ಅದನ್ನ ಇಸಗೊಂಡ್ರು. ಇಲ್ಲೇ ಕುಂತಾರ, ಕೇಳ್ರಿ."

ಎಲ್ಲರೂ ಮಹಾಂತಯ್ಯನ ಕಡೆ ತಿರುಗಿದರು. ಆಗಲಾದರೂ ಒಂದು ಮಾತು ಬರಬಹುದಿತ್ತು. ತಪ್ಪಾಯ್ತು ಅಂದಿದ್ದರೆ ಗೌರಕ್ಕ ಅಲ್ಲೇ ಕ್ಷಮಿಸಿಬಿಡುತ್ತಿದ್ದಳು, ಅಷ್ಟು ಪ್ರೀತಿಯಿತ್ತು. ಅವನು ನೆಲ ನೋಡುತ್ತ, "ಹೇಳಿದ್ದೆ ತಂಗೀ. ಗಡಿಬಿಡ್ಯಾಗ ನೀ ಮರತಿರಬೇಕು," ಎಂದ. ಹಿರಿಯರ ಕಡೆ ತಿರುಗಿ, ಮೂಗು ಒರೆಸಿಕೊಂಡು, "ಆಕಿ ಮನಸು ಭಾಳ ದೊಡ್ಡದ್ರಿ. ನಿಮ್ಮದ ಮೊದಲ ಆಗ್ಲಿ ಅಂದ್ಲು. ಆದ್ರ ಒಕ್ಕಲತನಕ್ಕ ಅಂಥ ಮನಸು ನಡಿಯೂದಿಲ್ಲ, ಏನ ಮಾಡೂದು," ಎಂದು ಸೇರಿಸಿದ.

ಹೊಗಳುತ್ತಲೇ ಹೂಳಿದ, ನೋಡಿ.

ಹುಲಗಪ್ಪನನ್ನು ಕರೆದು ಕೇಳಿದರು. ಪಾಪ, ಅವನು ಸುಳ್ಳು ಹೇಳುವವನಲ್ಲ. "ನಾ ದೂರ ಎತ್ತಿನ ಹತ್ರ ಇದ್ದೆರೀ. ಮೊದಲ ನಿಮ್ಮದ ಆಗ್ಲಿರಿ ಅಣ್ಣಾ ಅಂತ ಅವ್ವಾರು ಅಂದದ್ದ ಕೇಳಿಸ್ತು. ಬಾಕಿ ಗೊತ್ತಿಲ್ರಿ," ಎಂದ. ಅಲ್ಲಿಗೆ ಮುಗಿಯಿತು; ಪಾಳಿಯ ಮಾತನ್ನಾಗಲಿ ಬೀಗರ ಮಾತನ್ನಾಗಲಿ ಯಾರೂ ಎತ್ತಲಿಲ್ಲ. ದೀಪದ ಹಬ್ಬ ಕಳೆದ ಮೇಲೆ ಹೊಲ ಶಾಂತಯ್ಯನದು ಎಂದರು. ಒಳ್ಳೆಯ ಹೆಣ್ಣುಮಗಳು, ಆದರೆ ತಿಳಿವಳಿಕೆ ಕಡಿಮೆ ಎಂದು ಮರುಕಪಟ್ಟರು.

ಗೌರಕ್ಕ ಎದ್ದು ನಿಂತಳು. ಅಳಲಿಲ್ಲ.

"ಹಬ್ಬದ ಮಟಾ ಹೊಲ ನಂದ ಹೌದಲ್ರಿ ಅಜ್ಜಾ? ಹಂಗಾರ ನನ್ನ ಮುಯ್ಯಾಳು ಬರಬೇಕು. ಮಹಾಂತಣ್ಣಾ, ನಾಳೆ ಮುಂಜಾನಿ ನಿಮ್ಮ ಮನಿ ಮಂದಿನೆಲ್ಲಾ ಕರಕೊಂಡು ನನ್ನ ಕಣಕ್ಕ ಬರ್ರಿ. ಕಾಯಿ ಆರಿಸಬೇಕು."

"ಕೊಳತ ಕಾಯಿ ಆರಿಸಿ ಏನ್ ಮಾಡ್ತಿ?" ಎಂದ ಮಹಾಂತಯ್ಯ.

"ಅದು ಕರದವರ ಖುಷಿ. ಬರೂದಿಲ್ಲಂದ್ರ ಈಗ, ಇವರ ಮುಂದ ಹೇಳ್ರಿ."

ಬರುವುದಿಲ್ಲ ಎನ್ನಲು ಅವನಿಗೆ ಬಾಯಿ ಎಲ್ಲಿದೆ? ಬಂದ. ಹೆಂಡತಿ, ಮಕ್ಕಳು, ಆಳುಗಳ ಸಮೇತ ಬಂದು ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಮೊಳಕೆಯೊಡೆದ ಕಾಯಿಗಳನ್ನು ಒಂದೊಂದಾಗಿ ಹೆಕ್ಕಿ ಬುಟ್ಟಿಗೆ ಹಾಕಿದ. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು. ಹೊತ್ತು ನೆತ್ತಿಗೆ ಬಂದಾಗ ಗೌರಕ್ಕ ಎಲ್ಲರನ್ನೂ ಬನ್ನಿ ಮರದ ಕೆಳಗೆ ಊಟಕ್ಕೆ ಕೂಡಿಸಿದಳು. ಆಳುಮಕ್ಕಳಿಗೆ ಝುಣಕ, ಮೊಸರು ಬಡಿಸಿದಳು. ಮಹಾಂತಯ್ಯನ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿದಳು. ಅದೇ ಕಣದ ಕಪ್ಪು ಕಾಳು ಹುರಿದು ಕುಟ್ಟಿದ ಚಟ್ನಿಪುಡಿ. ತನ್ನ ರೊಟ್ಟಿಗೂ ಅದನ್ನೇ ಹಾಕಿಕೊಂಡು ಅವನೆದುರು ಕೂತಳು.

ಕರೆದವರು ಹಾಕಿದ್ದನ್ನು ಬಿಡುವ ಹಾಗಿಲ್ಲ. ಅವನು ಮೊದಲ ತುತ್ತು ಬಾಯಿಗಿಟ್ಟ. ಕಮಟು ವಾಸನೆ, ಬಾಯೆಲ್ಲ ಕಹಿ. ಅವಳು ಕಣ್ಣು ತೆಗೆಯದೆ ನೋಡುತ್ತ ತಾನೂ ಉಂಡಳು. ಪಕ್ಕದಲ್ಲಿದ್ದ ಶಿವಲಿಂಗವ್ವ ಗಂಡನ ರೊಟ್ಟಿಯಿಂದ ಒಂದು ಚೂರು ಹಿಂಡಿ ತೆಗೆದು ನಾಲಗೆಗೆ ಹಚ್ಚಿಕೊಂಡಳು. ಆಮೇಲೆ ಅವಳು ಗಂಡನ ಹತ್ತಿರದಿಂದ ಎದ್ದು ಬಂದು ಗೌರಕ್ಕನ ಪಕ್ಕ ಕೂತಳು.

"ಇನ್ನೊಂದೀಟು ಹಾಕ್ಲೇನ್ರಿ?" ಎಂದಳು ಗೌರಕ್ಕ.

"ಸಾಕು, ತಂಗೀ," ಎಂದ ಮಹಾಂತಯ್ಯ.

"ತಂಗಿ ಅನಬ್ಯಾಡ್ರಿ. ನಿಮ್ಮ ಪಾಳಿ ಮುಗೀತು. ಕೈ ತೊಳಕೊಂಡು ಏಳ್ರಿ."