ಹಳೇ ನಿಯಮಕ್ಕೆ ಎಲ್ಲರನ್ನೂ ಒಪ್ಪಿಸಿದ್ದು

ಶ್ರೀವಿದ್ಯಾ ನಮ್ಮ ಮನೆಗೆ ಬರುವುದನ್ನು ಬಿಟ್ಟಿದ್ದು ನನ್ನಿಂದಲೇ. ನಂದಿತಾ ಇನ್ನೂ "ಅವಳಿಗೆ ಆಫೀಸಲ್ಲಿ ಕೆಲಸ ಜಾಸ್ತಿಯೇನೋ" ಅಂತ ರಾಗ ಎಳೆಯುವಾಗ ನನಗೆ ಮೈಯೆಲ್ಲ ಉರಿಯುತ್ತದೆ. ಕೆಲಸವೂ ಇಲ್ಲ, ಮಣ್ಣೂ ಇಲ್ಲ. ತಪ್ಪು ನನ್ನದು.

ನಾವು ನಾಲ್ವರು ಆರು ವರ್ಷದಿಂದ ಪ್ರತಿ ಭಾನುವಾರ ಮಧ್ಯಾಹ್ನ ವಡಪಳನಿಯ ನನ್ನ ಮನೆಯಲ್ಲಿ, ಊಟದ ಮೇಜಿನ ಸುತ್ತ ಕೂತು ಕಥೆ ಕಟ್ಟುವ ಆಟ ಆಡುತ್ತಿದ್ದೆವು. ಕಥೆಯೊಳಗೆ ನಂದಿತಾ ಕಳ್ಳಿ, ಕೌಶಿಕ್ ಸಿಪಾಯಿ, ಶ್ರೀವಿದ್ಯಾ ಮಾಟಗಾತಿ. ಎದುರಿಗಿರುವುದು ಗುಹೆಯೋ ಭೂತವೋ ಎಂದು ಹೇಳುವವನು ನಾನು. ಅವರು ಮಾಡಹೊರಟಿದ್ದು ನಡೆಯುತ್ತದೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ನಲವತ್ತು ದಾಟಿದವನಿಗೆ ಇದೆಂಥ ಹುಚ್ಚು ಅಂತ ಅಮ್ಮ ಈಗಲೂ ಬೈಯುತ್ತಾಳೆ. ಬೈಯಲಿ.

ನಾವು ಆಡುತ್ತಿದ್ದದ್ದು ಈ ಆಟದ ಹೊಸ ಆವೃತ್ತಿ. ನಿಯಮದ ಪುಸ್ತಕಗಳೇ ಮೂರು, ಒಂದೊಂದೂ ಮುನ್ನೂರು ಪುಟ. ಪೂರ್ತಿ ಓದಿದವಳು ಶ್ರೀವಿದ್ಯಾ ಒಬ್ಬಳೇ. ಕಾಲೇಜಿನಿಂದ ನೋಡಿದ್ದೇನೆ, ನಾಲ್ಕು ಜನರ ಮುಂದೆ ಬಾಯಿ ಬಿಡುವವಳಲ್ಲ. ಈ ಮೇಜಿಗೆ ಬಂದರೆ ಬೇರೆಯೇ ಹೆಂಗಸು. ಕೌಶಿಕ್ ಒಂದೇ ಏಟಿಗೆ ಇಬ್ಬರನ್ನು ಕಡಿಯುತ್ತೇನೆಂದು ಎದ್ದು ನಿಂತರೆ, "ಆಗಲ್ಲ ಪಾ, ಈ ಸರದೀಲಿ ನಿನ್ನ ಸಿಪಾಯಿ ಆಗಲೇ ಓಡಿಯಾಯ್ತು, ಕೂತ್ಕೋ" ಅನ್ನುತ್ತಿದ್ದಳು. ನಾನೂ ಅನುಮಾನ ಬಂದಾಗ ಅವಳ ಮುಖವನ್ನೇ ನೋಡುತ್ತಿದ್ದೆ. ಒಂದು ಸಲ ಬಸ್‌ಸ್ಟಾಪಿನಲ್ಲಿ ಹೇಳಿದ್ದಳು: "ಇಲ್ಲಿಗೆ ಬಂದರೆ ನಾನೂ ಒಬ್ಬಳು ಇದೀನಿ ಅನ್ಸತ್ತೆ ಗುರು." ನಾನು ನಕ್ಕುಬಿಟ್ಟೆ. ಕತ್ತೆ ನಾನು.

ಆಗಸ್ಟಿನಲ್ಲಿ ಒಂದೇ ಒಂದು ಕಾಳಗಕ್ಕೆ ಮೂರು ಗಂಟೆ ಹಿಡಿಯಿತು. ನನಗೆ ತಲೆ ಕೆಟ್ಟುಹೋಯಿತು. ಇದೇ ಆಟದ, ನಾವು ಹುಟ್ಟುವುದಕ್ಕೂ ಮುಂಚಿನ ನಿಯಮಗಳು ಅರವತ್ತು ಪುಟದಲ್ಲಿ ಮುಗಿಯುತ್ತಿದ್ದವು. ಅದನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಸ್ಪೈರಲ್ ಬೈಂಡಿಂಗ್ ಮಾಡಿಸಿದೆ.

ಗುರುವಾರ ನಂದಿತಾಗೆ ಫೋನು ಮಾಡಿದೆ. ಮೈಸೂರಿನವಳು, ಬಿಚ್ಚುಮಾತು: "ಅಬ್ಬಾ, ಬದುಕ್ಸಿದೆ ಕಣೋ! ನಂಗಂತೂ ಆ ಲೆಕ್ಕಾಚಾರ ಒಂದೂ ತಲೆಗೆ ಹೋಗ್ತಿರ್ಲಿಲ್ಲ." ಶುಕ್ರವಾರ ಕೌಶಿಕ್‌ಗೆ ಬಜ್ಜಿ ಕೊಡಿಸಿ ಒಪ್ಪಿಸಿದೆ.

"ನಂಗೆ ಡಬಲ್ ಓಕೆ ಅಣ್ಣಾ," ಅಂದ. "ವಿದ್ಯಾಕ್ಕನ್ನ ಕೇಳಿದ್ರಾ?"

"ಅವಳಿಗೆ ನಾನು ಹೇಳ್ಕೋತೀನಿ, ನೀನು ತಿನ್ನು."

ಹೇಳಲಿಲ್ಲ. ಶನಿವಾರ ಇಡೀ ದಿನ ಫೋನು ಕೈಯಲ್ಲೇ ಇತ್ತು. ಕೇಳಿದರೆ ಅವಳು ಬೇಡ ಅಂತಾಳೆ, ಹತ್ತು ಕಾರಣ ಕೊಡುತ್ತಾಳೆ, ನಾನು ಸೋಲುತ್ತೇನೆ. ಎಲ್ಲರೂ ಒಪ್ಪಿದ ಮೇಲೆ ಒಬ್ಬಳೇ ಏನು ಮಾಡಿಯಾಳು ಎಂದು ಲೆಕ್ಕ ಹಾಕಿದೆ.

ಭಾನುವಾರ ಪಲ್ಲಾವರಂನಿಂದ ಟ್ರೇನು, ಬಸ್ಸು ಹತ್ತಿ ಬೆವರಿಕೊಂಡು ಬಂದಳು. ಆಗತಾನೇ ಹೊಳೆದದ್ದು ಎಂಬಂತೆ ನಾನು ಮಾತು ತೆಗೆದೆ. "ಹಳೇ ನಿಯಮದಲ್ಲಿ ಒಂದು ಸಲ ಆಡಿ ನೋಡೋಣವಾ? ಏನಂತೀರಿ?" ನಂದಿತಾ ನನ್ನ ಮಾತು ಮುಗಿಯುವ ಮೊದಲೇ ತಲೆಯಾಡಿಸಿದಳು. ಕೌಶಿಕ್ ಇನ್ನೂ ಮೇಲು, ಹಳೇ ನಿಯಮದ ಪ್ರಕಾರ ಮನೆಯಲ್ಲೇ ಬರೆದುಕೊಂಡು ಬಂದಿದ್ದ ಹೊಸ ಪಾತ್ರದ ಹಾಳೆಯನ್ನು ಬ್ಯಾಗಿನಿಂದ ತೆಗೆದು ಮೇಜಿನ ಮೇಲಿಟ್ಟ.

ಶ್ರೀವಿದ್ಯಾ ಆ ಹಾಳೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಓ. ನಿಮಗೆಲ್ಲ ಮೊದಲೇ ಗೊತ್ತು."

"ಛೆ ಛೆ, ಹಂಗೇನಿಲ್ಲ, ಸುಮ್ನೆ..." ಅಂದೆ.

"ಸರಿ, ಆಡೋಣ," ಅಂದಳು.

ಆಟ ಮಾತ್ರ ಅದ್ಭುತವಾಗಿ ನಡೆಯಿತು, ಸುಳ್ಳು ಹೇಳುವುದಿಲ್ಲ. ಕೌಶಿಕ್ ಮೆಟ್ಟಿಲ ಮೇಲೆ ಎಣ್ಣೆ ಸುರಿದು ಭೂತಗಳನ್ನು ಜಾರಿಸಿ ಬೀಳಿಸಿದ. ಯಾವ ಪುಟದಲ್ಲಿದೆ ಅಂತ ಯಾರೂ ಕೇಳಲಿಲ್ಲ. ನಾನು ಆಗುತ್ತದೆ ಅಂದರೆ ಆಯಿತು. ನನಗೋ ಕೊಬ್ಬು ಏರಿತ್ತು. ಶ್ರೀವಿದ್ಯಾ ತನ್ನ ಸರದಿ ಬಂದಾಗ ದಾಳ ಹಾಕಿದಳು, ಕಾಫಿ ಕುಡಿದಳು, ಹೊರಟಳು. ಹಾಗೇ ಇನ್ನೂ ಮೂರು ಭಾನುವಾರ ಬಂದಳು. ಐದನೆಯದಕ್ಕೆ ಬರಲಿಲ್ಲ.

ಎರಡು ತಿಂಗಳು ಕಳೆದ ಮೇಲೆ ಫೋನು ಮಾಡುವ ಧೈರ್ಯ ಬಂತು.

"ವಿದ್ಯಾ, ಮತ್ತೆ ಹೊಸ ನಿಯಮಕ್ಕೇ ಹೋಗೋಣ. ಅವರಿಬ್ಬರಿಗೂ ಇನ್ನೂ ಹೇಳಿಲ್ಲ. ನೀನು ಬಾ."

ಅವಳು ನಕ್ಕಳು. ಸಿಟ್ಟಿನ ನಗುವಾಗಿದ್ದರೆ ಎಷ್ಟೋ ವಾಸಿಯಿತ್ತು.

"ಅಯ್ಯೋ, ಅದು ಯಾರಿಗೆ ಬೇಕು ಗುರು? ಪ್ರತಿ ಶನಿವಾರ ಕೂತು ಓದಿ ಓದಿ ನಂಗೇ ಸಾಕಾಗಿತ್ತು. ನಿಮಗ್ಯಾರಿಗೂ ಬರಲ್ವಲ್ಲ, ಒಬ್ಬರಾದರೂ ಓದಬೇಕಲ್ಲ ಅಂತ ಓದ್ತಿದ್ದೆ. ಅವತ್ತು ನಂಗೊಂದು ಫೋನ್ ಮಾಡಿದ್ದರೆ ಎಲ್ಲರಿಗಿಂತ ಮೊದಲು ನಾನೇ ಹೂಂ ಅಂತಿದ್ದೆ."

"ಹಂಗಾದ್ರೆ ಬಾ ಮತ್ತೆ," ಅಂದೆ. ನನ್ನ ದನಿ ನನಗೇ ಅಳುಬುರುಕನದಂತೆ ಕೇಳಿಸಿತು.

"ಇಲ್ಲ ಪಾ," ಅಂದಳು ಮೆತ್ತಗೆ. "ಇನ್ಮೇಲೆ ಅಲ್ಲಿ ಕೂತರೆ, ನನ್ನ ಬಿಟ್ಟು ನೀವು ಇನ್ನೇನು ಮಾತಾಡ್ಕೊಂಡಿದೀರೋ ಅಂತಲೇ ಯೋಚನೆ ಮಾಡ್ತಿರ್ತೀನಿ."